ಅಭ್ಯಂತರವಿದೆ ಎಂದ ವಕೀಲ

“ಗುರುಗಳೇ, ಕಚೇರಿಗೆ ಕಂಪ್ಯೂಟರ್ ತರಿಸಿದ್ದೇನೆ. ಅದಕ್ಕೆ ಮೊದಲು ಯಾವ ಕೆಲಸ ಒಪ್ಪಿಸಲಿ?” ಎಂದು ಮೃತ್ಯುಂಜಯ ಕೇಳಿದ.

ಮೃತ್ಯುಂಜಯ ಸ್ವಂತ ಕಚೇರಿ ತೆರೆದು ಹೆಚ್ಚು ಕಾಲವಾಗಿರಲಿಲ್ಲ. ಅವನಿಗೆ ವಕೀಲಿಕೆ ಕಲಿಸಿದ ಕೊಟ್ರಬಸಪ್ಪನವರು ಈಗ ಕರಿಕೋಟು ಬಿಚ್ಚಿಟ್ಟು ಮನೆಯಲ್ಲಿದ್ದರು. ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇರಲಿಲ್ಲ. ಶಿಷ್ಯನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ವಕೀಲನಿದ್ದ. ಒಳ್ಳೆಯವನೇ. ಕಕ್ಷಿದಾರರಿಗೆ ಗದರಿದವನಲ್ಲ, ಸುಳ್ಳು ಭರವಸೆ ಕೊಟ್ಟವನಲ್ಲ. ಕೆಲಸ ಮಾತ್ರ ಕೈಮೀರಿತ್ತು. ಕಡತಗಳು ಕಪಾಟು ತುಂಬಿ, ಕುರ್ಚಿಗಳನ್ನು ಹಿಡಿದು, ಕಿಟಕಿಯನ್ನೂ ಅರ್ಧ ಮುಚ್ಚಿದ್ದವು. ಗುಮಾಸ್ತ ಬೆಳಗಾದರೆ ಕೋರ್ಟಿಗೆ ಓಡಬೇಕು, ಸಂಜೆ ಬಂದವರಿಗೆಲ್ಲ ಮುಂದಿನ ತಾರೀಖು ಹೇಳಿ ಕಳಿಸಬೇಕು. ಹೀಗೇ ಆದರೆ ತಾನು ಉಳಿಯುವುದಿಲ್ಲ ಎಂದು ವಕೀಲನಿಗೆ ದಿಗಿಲಾಯಿತು. ಕಂಪ್ಯೂಟರ್ ಕೊಂಡು ತಂದ.

ಮಾಡಿದ್ದನ್ನೇ ಮಾಡುವ ಕೆಲಸವನ್ನು ಅದಕ್ಕೆ ಹಚ್ಚಿಬಿಡೋಣ ಎಂದುಕೊಂಡ. ಅಂಥದ್ದು ಯಾವುದು ಎಂದು ನೋಡಿದರೆ, ವಿಚಾರಣೆಗೆ ಇನ್ನೊಂದು ತಾರೀಖು ಕೇಳುವ ಅರ್ಜಿ. ಅದರಲ್ಲಿ ಅವನಿಗೆ ವಿಶೇಷವೇನೂ ಕಾಣಲಿಲ್ಲ. ಆ ಕೋರ್ಟಿನಲ್ಲಿ ತಾರೀಖು ಕೇಳದವರು ಯಾರಿದ್ದರು? ಇವನು ಕೇಳಿದರೆ ಎದುರು ವಕೀಲ ‘ಅಭ್ಯಂತರವಿಲ್ಲ’ ಅನ್ನಬೇಕು, ಅವನು ಕೇಳಿದರೆ ಇವನು ಅನ್ನಬೇಕು. ಒಟ್ಟಿಗೆ ಕೂತು ಚಹಾ ಕುಡಿಯುವವರು ಒಬ್ಬರಿಗೊಬ್ಬರು ತೋರಿಸುವ ಮರ್ಯಾದೆ ಅದು.

ಕಂಪ್ಯೂಟರ್ ಬೇಗ ಕೈಗೆ ಹತ್ತಿತು. ಗುಂಡಿ ಒತ್ತಿದರೆ ಅರ್ಜಿ ತಯಾರು, ಕಾರಣದ ಸಮೇತ. ಕೋರ್ಟು ಏಳುವಷ್ಟರಲ್ಲಿ ಕಕ್ಷಿದಾರರ ಫೋನಿಗೆ ಹೊಸ ತಾರೀಖಿನ ಸಂದೇಶ. ಗುಮಾಸ್ತನ ಓಡಾಟ ತಪ್ಪಿತು, ಕಚೇರಿಯಲ್ಲಿ ನೂಕುನುಗ್ಗಲು ತಪ್ಪಿತು. ಬೇರೆ ವಕೀಲರು ಬಂದು ನೋಡಿ ಹೊಟ್ಟೆ ಉರಿದುಕೊಂಡರು. ಇವನು ಹಿಗ್ಗಿ ಹೀರೇಕಾಯಿಯಾದ.

ಅವನ ಕಕ್ಷಿದಾರರಲ್ಲಿ ಹುಲಿಗೆಮ್ಮ ಎಂಬ ದರ್ಜಿ ಇದ್ದಳು. ಅವಳು ಬಾಡಿಗೆಗೆ ಹಿಡಿದ ಅಂಗಡಿಯನ್ನು ಮಾಲೀಕ ಮಾರಬೇಕೆಂದಿದ್ದ. ಅವಳು ತವರಿಗೆ ಹೋಗಿದ್ದಾಗ ಬಾಗಿಲಿಗೆ ತನ್ನ ಬೀಗ ಜಡಿದುಬಿಟ್ಟ. ಹೊಲಿಗೆ ಮೆಷಿನ್ನುಗಳು ಒಳಗೆ, ಅವಳು ಬೀದಿಯಲ್ಲಿ. ಬೀಗ ತೆಗೆಸಿಕೊಡಿ ಎನ್ನುವುದೊಂದೇ ಅವಳ ಮೊರೆ. ಅಲ್ಲಿಯವರೆಗೆ ನೆರೆಮನೆಯವರ ಮೆಷಿನ್ನಿನಲ್ಲಿ, ಅವರು ಬಿಟ್ಟುಕೊಟ್ಟ ಹೊತ್ತಿನಲ್ಲಿ ಹೊಲಿದು ದಿನ ತಳ್ಳುತ್ತಿದ್ದಳು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿಯುತ್ತಿದ್ದರು. ಇನ್ನಷ್ಟು ತಡವಾದರೆ ಬಾಗಿಲು ತೆರೆದರೂ ಬಟ್ಟೆ ತರುವವರು ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಒಂದು ದಿನ ಅವಳು ಕಚೇರಿಗೆ ಬಂದಳು. ವಕೀಲ ಖುಷಿಯಲ್ಲಿದ್ದ. ಸಂದೇಶಗಳು ಸರಿಯಾಗಿ ಬರುತ್ತಿವೆಯಾ, ಈಗ ಎಷ್ಟು ಅನುಕೂಲವಾಯಿತು ನೋಡಿದೆಯಾ ಎಂದು ಕೇಳಿದ.

“ಬರ್ತಾವ್ರಿ ಸಾಹೇಬ್ರ,” ಎಂದಳು ಹುಲಿಗೆಮ್ಮ. “ಮೊದಲ ಇಲ್ಲಿತನಕ ಬಂದು, ಆಗಿಲ್ಲಂತ ಕೇಳ್ಕೊಂಡು ಹೋಗ್ತಿದ್ದೆ. ಈಗ ಮನ್ಯಾಗ ಕುಂತು ಕೇಳಾಕತ್ತೀನಿ. ಬಾಗಲಾ ಮಾತ್ರ ತೆರದಿಲ್ರಿ.”

ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಇದ್ದದ್ದನ್ನು ಇದ್ದಹಾಗೆ ಹೇಳಿದಳು. ವಕೀಲನಿಗೆ ಮಾತ್ರ ಕಪಾಳಕ್ಕೆ ಬಿಟ್ಟ ಹಾಗಾಯಿತು. ತಲೆ ಎತ್ತಿ ಅವಳ ಮುಖ ನೋಡಲು ನಾಚಿಕೆಯಾಯಿತು.

ಅವಳು ಹೋದ ಮೇಲೆ ಅವಳ ಕಡತವನ್ನು ತಾನೇ ಬಿಚ್ಚಿ ಕೂತ. ಒಮ್ಮೆ ನೋಟೀಸು ಮಾಲೀಕನ ಹಳೆಯ ವಿಳಾಸಕ್ಕೆ ಹೋಗಿ ವಾಪಸು ಬಂದಿತ್ತು. ಇನ್ನೊಮ್ಮೆ ಬೇಕಾದ ದಾಖಲೆಯ ನಕಲು ತರಿಸುವುದು ಮರೆತುಹೋಗಿತ್ತು. ಆಮೇಲೆಲ್ಲ ಎದುರು ವಕೀಲ ತಾರೀಖು ಕೇಳಿದ್ದ, ಇವನು ಅಭ್ಯಂತರವಿಲ್ಲ ಎಂದಿದ್ದ. ಮಾಲೀಕ ಬೀಗ ಹಾಕಿದ್ದು ಒಂದೇ ಸಲ. ಅದು ಇಷ್ಟು ಕಾಲ ಹಾಗೇ ಉಳಿದದ್ದರಲ್ಲಿ ತನ್ನ ಪಾಲೇ ದೊಡ್ಡದು ಎಂದು ಅವನಿಗೆ ಅರಿವಾಯಿತು.

ಮರುದಿನವೇ ತಾರೀಖು ಕೇಳುವ ಅರ್ಜಿಯನ್ನು ಕಂಪ್ಯೂಟರಿನಿಂದ ಅಳಿಸಿಹಾಕಿಸಿದ. ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ತೆಗೆಸುತ್ತೀರಿ ಎಂದು ಅದನ್ನು ಹಾಕಿಕೊಟ್ಟವನು ಕೇಳಿದ. ತೆಗಿ ಅಂದರೆ ತೆಗಿ ಎಂದ ವಕೀಲ. ಆ ಜಾಗದಲ್ಲಿ ಬೇರೆ ಕೆಲಸ ಕಲಿಸಿದ. ಕೋರ್ಟು ಒಂದು ತಾರೀಖು ಕೊಟ್ಟರೆ, ಆ ದಿನಕ್ಕೆ ಏನೇನು ಸಿದ್ಧವಾಗಬೇಕು, ಯಾರು ಮಾಡಬೇಕು ಎಂದು ಅದು ತೋರಿಸಬೇಕು. ಮಾಡುವತನಕ ದಿನಾ ಎಚ್ಚರಿಸಬೇಕು. ಗುಮಾಸ್ತನನ್ನೂ ಸರಿ, ವಕೀಲನನ್ನೂ ಸರಿ. ಕಕ್ಷಿದಾರರಿಗೆ ಹೋಗುವ ಸಂದೇಶವೂ ಬದಲಾಯಿತು. ಕಚೇರಿ ಈ ವಾರ ಏನು ಮಾಡಿತು, ಏನು ಬಾಕಿ ಇದೆ ಎಂದು ಅದರಲ್ಲಿ ಇರಬೇಕು. ಇದೇನು ಅತ್ತೆ ಕಾಟ ಎಂದು ಗುಮಾಸ್ತ ಗೊಣಗಿದ. ವಕೀಲನಿಗೂ ಹಾಗೇ ಅನ್ನಿಸುತ್ತಿತ್ತು. ಆದರೂ ಹಟ ಬಿಡಲಿಲ್ಲ. ಬಾಕಿ ತೀರದೆ ಕಚೇರಿ ಬಿಟ್ಟು ಏಳುತ್ತಿರಲಿಲ್ಲ.

ಹುಲಿಗೆಮ್ಮನ ತಾರೀಖು ಬಂತು. ನೋಟೀಸು ಮುಟ್ಟಿತ್ತು, ನಕಲುಗಳು ಬಂದಿದ್ದವು. ಎದುರು ವಕೀಲ ಇವನ ಹಳೆಯ ಗೆಳೆಯ. ಎದ್ದು ನಿಂತು, ಈ ಕಡೆ ತಿರುಗಿಯೂ ನೋಡದೆ, ಇನ್ನೊಂದು ತಾರೀಖು ಬೇಕೆಂದ. ನ್ಯಾಯಾಧೀಶರು ಪೆನ್ನು ಎತ್ತಿಕೊಂಡೇ, ಅಭ್ಯಂತರವಿಲ್ಲವಲ್ಲ ಎಂದು ಇವನನ್ನು ಕೇಳಿದರು. ಬೇರೆ ಮಾತಾಡಿದರೆ ವಕೀಲರ ನಡುವೆ ತನಗೆ ಮುಂದೇನಾಗುತ್ತದೆ ಎಂದು ವಕೀಲನಿಗೆ ಗೊತ್ತಿತ್ತು.

“ಅಭ್ಯಂತರವಿದೆ ಸ್ವಾಮಿ,” ಎಂದ. “ನಾವು ಸಿದ್ಧರಿದ್ದೇವೆ. ಇವತ್ತೇ ಕೇಳಬೇಕು.”

ಇಡೀ ಕೋರ್ಟು ತಿರುಗಿ ನೋಡಿತು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕಡತ ತೆರೆದರು. ಇವನ ವಾದ ಕೇಳಿದರು. ಎದುರಿನವನು ಕಡತವನ್ನೇ ಓದಿಕೊಂಡು ಬಂದಿರಲಿಲ್ಲ. ಬೀಗ ತೆಗೆಯಬೇಕೆಂದು ಆದೇಶವಾಯಿತು. ಹುಲಿಗೆಮ್ಮನ ಮೆಷಿನ್ನುಗಳು ತುಕ್ಕು ಹಿಡಿದಿದ್ದವು. ಒಂದಂತೂ ತಿರುಗಲೇ ಇಲ್ಲ. ಉಳಿದವಕ್ಕೆ ಎಣ್ಣೆ ಬಿಟ್ಟು, ಒರೆಸಿ, ಅವಳು ಅಂದೇ ಹೊಲಿಯಲು ಕೂತಳು.

ವಕೀಲರ ಸಂಘದಲ್ಲಿ ಅಂದಿನಿಂದ ಇವನಿಗೆ ಯಾರೂ ಬೆಂಚಿನಲ್ಲಿ ಸರಿದು ಜಾಗ ಕೊಡಲಿಲ್ಲ. ಗೆಳೆಯ ಮಾತು ಬಿಟ್ಟ. ಇವನಿಗೇ ಜ್ವರ ಬಂದು ಒಂದು ತಾರೀಖು ಬೇಕಾದಾಗ ಎದುರಿನವರು ಎದ್ದು ಅಭ್ಯಂತರವಿದೆ ಎಂದರು. ಜ್ವರದಲ್ಲೇ ನಿಂತು ವಾದಿಸಿದ. ಹಿಡಿದ ದಾರಿ ಮಾತ್ರ ಬಿಡಲಿಲ್ಲ.

ಕೊಟ್ರಬಸಪ್ಪನವರು ಕತೆ ನಿಲ್ಲಿಸಿದರು. ಮೃತ್ಯುಂಜಯನ ಮುಖ ಅರಳಿತ್ತು. ಕಂಪ್ಯೂಟರಿಗೆ ಏನು ಕಲಿಸಬೇಕೆಂದು ತಿಳಿಯಿತು, ಇವತ್ತೇ ಅದನ್ನು ಹಾಕಿಸಿಬಿಡುತ್ತೇನೆ ಎಂದು ಹೇಳಿ ಏಳಲು ಹೊರಟ.

“ಹಾಕಿಸಪ್ಪ, ನಾಳೆ ಎದುರು ವಕೀಲ ತಾರೀಖು ಕೇಳಿದರೆ ನಿನ್ನ ಬಾಯಲ್ಲಿ ಏನು ಬರುತ್ತದೆ?” ಎಂದರು ಗುರುಗಳು.

ಏಳಲು ಹೊರಟಿದ್ದ ಮೃತ್ಯುಂಜಯ ಮತ್ತೆ ಕೂತ.