ಬಳ್ಳಿಯ ಎತ್ತರ

"ಗುರುಗಳೇ, ಮೈಯಲ್ಲಿ ಕಸುವಿರುವಾಗಲೇ ಮುಪ್ಪಿಗೆ ಜಾಗ ಮಾಡಿಟ್ಟುಕೊಳ್ಳಬೇಕೇ?" ಎಂದು ಚನ್ನವೀರ ಕೇಳಿದ.

ಮಠದ ಹೊಸ ಪ್ರಾರ್ಥನಾ ಮಂಟಪದ ಕೆಲಸ ಅವನ ಉಸ್ತುವಾರಿಯಲ್ಲಿ ನಡೆದಿತ್ತು. ಮುಂದುಗಡೆ ಎತ್ತರದ ಒಂಬತ್ತು ಮೆಟ್ಟಿಲು ಹಾಕಿಸಬೇಕೆಂದು ಅವನಿಗೆ ಆಸೆ. ಮೆಟ್ಟಿಲುಗಳನ್ನು ತಗ್ಗಿಸೋಣ, ಪಕ್ಕದಲ್ಲಿ ಹಿಡಿದು ಹತ್ತಲು ಕೈಹಿಡಿ ಇಡೋಣ ಎಂದು ಮೇಸ್ತ್ರಿ ಹೇಳಿದ್ದ. ಹಾಗೆ ಮಾಡಿದರೆ ಮಂಟಪ ಆಸ್ಪತ್ರೆಯಂತೆ ಕಾಣುತ್ತದೆ ಎಂದು ಚನ್ನವೀರ ಮುಖ ಸಿಂಡರಿಸಿಕೊಂಡು ಬಂದಿದ್ದ.

ಎಂಬತ್ತು ದಾಟಿದ ಗುರುಗಳು ಕೋಲನ್ನು ಗೋಡೆಗೆ ಒರಗಿಸಿದರು. "ಕೂತುಕೋ. ನಿನ್ನ ಮೆಟ್ಟಿಲು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಮೂವತ್ತೈದರ ವಯಸ್ಸಿನಲ್ಲಿ ಅವನು ಮನೆ ಕಟ್ಟಲು ಹೊರಟ. ಆ ಸೀಮೆಯಲ್ಲಿ ಮನೆಯ ಅಳತೆಯೆಲ್ಲ ಯಜಮಾನನ ಮೈಯಿಂದಲೇ ಆಗಬೇಕು. ಅವನ ಮೊಳಕ್ಕೆ ಸರಿಯಾಗಿ ಬಡಗಿ ಒಂದು ಕೋಲು ಕಡಿದುಕೊಳ್ಳುತ್ತಾನೆ, ಬಾಗಿಲು ಕಿಟಕಿಗಳೆಲ್ಲ ಆ ಕೋಲಿನ ಲೆಕ್ಕದಲ್ಲಿ ಏಳುತ್ತವೆ. ಅಳತೆಯ ದಿನ ವ್ಯಾಪಾರಿ ಹೊಸ ಪಂಚೆ ಉಟ್ಟು, ಎದೆ ಉಬ್ಬಿಸಿ ನಿಂತು, ತೋಳು ಚಾಚಿದ.

"ಚೆನ್ನಾಗಿ ಅಳೆದುಕೋ ಆಚಾರಿ. ಈ ಮನೆಗೆ ಒಮ್ಮೆ ಕಾಲಿಟ್ಟೆನೆಂದರೆ ಮತ್ತೆ ಹೊರಗೆ ಹೋಗುವುದು ನಾಲ್ವರ ಹೆಗಲ ಮೇಲೆಯೇ" ಎಂದ.

ಬಡಗಿಗೆ ಆಗಲೇ ಎಪ್ಪತ್ತರ ಹತ್ತಿರ. ಅವನು ಆ ಮಾತನ್ನು ಕೇಳಿಕೊಂಡ. ಕೋಲು ಕಡಿದುಕೊಂಡ.

ಮನೆ ಎದ್ದಿತು. ವ್ಯಾಪಾರಿ ಬೇಕೆಂದ ಎತ್ತರದ ಮೆಟ್ಟಿಲುಗಳೂ ಬಂದವು. ಅವುಗಳ ಪಕ್ಕದಲ್ಲಿ ಬಡಗಿ ಒಂದು ಇಳಿಜಾರು ದಾರಿ ಮಾಡಿಸಿದ. ಬಟ್ಟೆಯ ಗಂಟು ಉರುಳಿಸಿಕೊಂಡು ಬರಲು ಅನುಕೂಲ ಎಂದ, ವ್ಯಾಪಾರಿ ಒಪ್ಪಿದ. ಕೊನೆಗೆ ಮಲಗುವ ಕೋಣೆಯಿಂದ ಬಚ್ಚಲಿನವರೆಗೆ, ಅಲ್ಲಿಂದ ತಲೆಬಾಗಿಲು ದಾಟಿ ಇಳಿಜಾರಿನ ತುದಿಯವರೆಗೆ, ಗೋಡೆಗುಂಟ ಒಂದು ಮರದ ಬಳ್ಳಿ ಕೆತ್ತಿ ಕೂರಿಸಿದ. ಮಣಿಕಟ್ಟಿನಷ್ಟು ದಪ್ಪದ ಬಳ್ಳಿ. ಗೋಡೆಯಿಂದ ನಾಲ್ಕು ಬೆರಳು ಈಚೆಗೆ ನಿಂತಿತ್ತು. ಎಲೆ, ಮೊಗ್ಗು, ನಡುನಡುವೆ ಒಂದೊಂದು ಗಿಳಿ. ಅಂಥ ಕೆಲಸವನ್ನು ಆ ಊರು ಕಂಡಿರಲಿಲ್ಲ.

ಆದರೆ ಬಳ್ಳಿ ಇದ್ದದ್ದು ಸೊಂಟದ ಮಟ್ಟಕ್ಕೆ.

"ಇಷ್ಟು ಚೆಂದದ ಕೆತ್ತನೆಯನ್ನು ಕಣ್ಣಿನ ಮಟ್ಟಕ್ಕೆ ಇಡುವುದು ಬಿಟ್ಟು ಇಷ್ಟು ಕೆಳಗೆ ಇಡುವುದೇ? ಯಾರಿಗೆ ಕಾಣುತ್ತದೆ?" ಎಂದು ವ್ಯಾಪಾರಿ ರೇಗಿದ.

"ಇರಲಿ ಬಿಡಿ ಸಾಹುಕಾರರೇ. ಕಾಣುವ ದಿನ ಕಾಣುತ್ತದೆ" ಎಂದ ಬಡಗಿ.

ಕಿತ್ತರೆ ಗೋಡೆ ಹಾಳಾಗುತ್ತದೆಂದು ವ್ಯಾಪಾರಿ ಸುಮ್ಮನಾದ. ಬಾಯಿ ಮಾತ್ರ ಸುಮ್ಮನಿರಲಿಲ್ಲ. ಮನೆ ನೋಡಲು ಬಂದವರಿಗೆಲ್ಲ ಬಳ್ಳಿ ತೋರಿಸಿ, ಕೈಚಳಕ ಇದೆ, ಪಾಪ, ಮುದುಕನಿಗೆ ಅಳತೆ ತಪ್ಪಿತು ಎಂದು ನಗುತ್ತಿದ್ದ. ಬಂದವರೂ ನಕ್ಕರು. ನಗು ಊರೆಲ್ಲ ಸುತ್ತಿತು. ಬಡಗಿಗೆ ಅಳತೆ ತಪ್ಪಿದ ಆಚಾರಿ ಎಂಬ ಹೆಸರು ಅಂಟಿಕೊಂಡಿತು. ಅಳತೆ ತಪ್ಪಿದವನಿಗೆ ಮನೆ ಕೆಲಸ ಕೊಡುವವರು ಯಾರು? ಅವನು ಲಟ್ಟಣಿಗೆ, ಮಣೆ ಮಾಡಿಕೊಂಡು ಉಳಿದ ಕಾಲ ಕಳೆದು ತೀರಿಹೋದ. ಇದನ್ನು ಹೇಳುವಾಗ ನನಗೆ ಈಗಲೂ ಆ ವ್ಯಾಪಾರಿಯ ಮೇಲೆ ಸಿಟ್ಟು ಬರುತ್ತದೆ, ಚನ್ನವೀರ.

ಮೂವತ್ತು ವರ್ಷ ಕಳೆಯಿತು. ವ್ಯಾಪಾರಿ ಒಂದು ದಿನ ತನ್ನ ಎತ್ತರದ ಮೆಟ್ಟಿಲಿನ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಮೂಳೆ ಕೂಡಿತು, ಕಾಲಿಗೆ ಬಲ ಬರಲಿಲ್ಲ. ಎದ್ದು ನಿಂತರೆ ಬೆನ್ನು ಬಾಗುತ್ತಿತ್ತು. ಹೆಂಡತಿ ಹೋಗಿ ವರ್ಷಗಳಾಗಿದ್ದವು. ಮೂರು ತಿಂಗಳು ಜೊತೆಗಿದ್ದು ನೋಡಿಕೊಂಡ ಮಗಳು ಒಂದು ಬೆಳಿಗ್ಗೆ ಗಾಡಿ ತರಿಸಿದಳು.

"ಅಪ್ಪಾ, ಬಚ್ಚಲಿಗೆ ಹೋಗಬೇಕಾದರೂ ನಿನಗೆ ಇಬ್ಬರು ಬೇಕು. ಈ ಮನೆ ನಿನಗೆ ಇನ್ನು ಆಗುವುದಿಲ್ಲ. ನಮ್ಮೂರಿಗೆ ಹೋಗೋಣ ನಡಿ" ಎಂದಳು.

ತಪ್ಪೇನೂ ಹೇಳಿರಲಿಲ್ಲ. ಅವಳು ಒಳಗೆ ಬಟ್ಟೆ ಮಡಚುತ್ತಿದ್ದಾಗ ಮುದುಕ ಮಂಚದ ಅಂಚಿನಲ್ಲಿ ಕೂತು ಅತ್ತ. ಮನೆಯನ್ನು ಒಂದು ಸಲ ಸುತ್ತಿ ನೋಡಬೇಕೆನಿಸಿ, ಬಿದ್ದ ಮೇಲೆ ಮೊದಲ ಸಲ ಯಾರ ಆಸರೆಯೂ ಇಲ್ಲದೆ, ಗೋಡೆಗೆ ಕೈ ಕೊಟ್ಟು ಎದ್ದ. ಕೈ ಬಳ್ಳಿಯ ಮೇಲೆ ಬಿತ್ತು. ಬಾಗಿದ ಬೆನ್ನಿಗೆ ಅದು ಸರಿಯಾದ ಎತ್ತರದಲ್ಲಿತ್ತು. ಎಲೆಗಳ ಸಂದಿನಲ್ಲಿ ಬೆರಳು ಊರಲು ಜಾಗವಿತ್ತು. ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ. ಸುಸ್ತಾದಲ್ಲಿ ಒಂದು ಗಿಳಿ ಇರುತ್ತಿತ್ತು, ಅದರ ಬೆನ್ನಿಗೆ ಅಂಗೈ ಆನಿಸಿ ನಿಲ್ಲುತ್ತಿದ್ದ. ಬಚ್ಚಲು ದಾಟಿದ. ತಲೆಬಾಗಿಲು ದಾಟಿದ. ಗಂಟು ಉರುಳಿಸುವ ದಾರಿಯಲ್ಲಿ ಇಳಿದು ಗಾಡಿಯ ಹತ್ತಿರ ಹೋಗಿ, ಎತ್ತು ಬಿಚ್ಚು ಎಂದು ಗಾಡಿಯವನಿಗೆ ಹೇಳಿದ.

ಅವತ್ತೇ ಬಡಗಿಯ ಮಗಳನ್ನು ಕರೆಸಿ, "ನಿಮ್ಮಪ್ಪ ಅಂದು ಇದನ್ನು ಯಾರ ಅಳತೆಗೆ ಮಾಡಿದ, ತಾಯೀ?" ಎಂದು ಕೇಳಿದ.

"ತನ್ನ ಅಳತೆಗೇ. ದಿನದ ಕೆಲಸ ಮುಗಿಸಿ, ಬೆನ್ನು ಬಾಗಿ ಕಾಲು ಸೋತಾಗ ಇದೇ ಗೋಡೆ ಹಿಡಿದು ನಡೆಯುತ್ತಿದ್ದ. ಕೈ ಬಿದ್ದಲ್ಲಿ ಸುಣ್ಣದ ಗುರುತು ಹಾಕುತ್ತಿದ್ದ. ಕಾರಣ ಹೇಳಬಾರದಿತ್ತೇ ಎಂದು ನಾನು ಜಗಳವಾಡಿದ್ದೆ. ಹೇಳಿದರೆ ಸಾಹುಕಾರರು ಅವಮಾನವೆಂದು ಕಿತ್ತು ಹಾಕಿಸುತ್ತಾರೆ, ನನ್ನ ಹೆಸರು ಹೋದರೆ ಹೋಗಲಿ, ಬಳ್ಳಿ ಇರಲಿ ಎಂದ."

ವ್ಯಾಪಾರಿಗೆ ತಲೆ ಎತ್ತಲಾಗಲಿಲ್ಲ. ಅಂದಿನಿಂದ ಮನೆಗೆ ಬಂದವರಿಗೆಲ್ಲ ಬಳ್ಳಿ ತೋರಿಸಿ, ಅಳತೆ ತಪ್ಪಿದ್ದು ನನಗೆ ಎಂದು ಹೇಳುತ್ತಿದ್ದ. ಹನ್ನೊಂದು ವರ್ಷ ಅದೇ ಮನೆಯಲ್ಲಿ ಬದುಕಿ, ತಾನು ಹೇಳಿದ್ದಂತೆಯೇ ನಾಲ್ವರ ಹೆಗಲ ಮೇಲೆ ಹೊರಟ.

ಕತೆ ಮುಗಿಯಿತು. ಚನ್ನವೀರ ಕೇಳಿದ:

"ಹಾಗಾದರೆ ಮಂಟಪದ ಮೆಟ್ಟಿಲಿಗೆ ಯಾರ ಅಳತೆ ತೆಗೆದುಕೊಳ್ಳಲಿ, ಗುರುಗಳೇ?"

ಗುರುಗಳು ಕೋಲಿಗಾಗಿ ಕೈ ಚಾಚುತ್ತ ಹೇಳಿದರು: "ನಿನ್ನದೇ ತೆಗೆದುಕೋ ಮಗು, ಅಳೆಯುವಾಗ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡಿರು."