ಶಾಸಕರ ಹೌದು

ಸಂತೆಕಟ್ಟೆ ಕೆಡವಿ ಭಾವಮೈದುನನ ಬಾರ್‌ಗೆ ಜಾಗ ಕೊಡಿಸಲೆಂದೇ ಶಾಸಕ ರುದ್ರಮುನಿಯವರು ಗ್ರಾಮಸಭೆಗೆ ಬಂದಿದ್ದರು. "ಅಡ್ಡ ಮಾತಾಡಿದವನನ್ನ ನೋಡ್ಕೋತೀನಿ!" ಎಂದು ಗುಡುಗಿ, ಹೋಳಿಗೆ ಊಟದ ಭಾರಕ್ಕೆ ವೇದಿಕೆಯಲ್ಲೇ ತೂಕಡಿಸಿದರು.

ಪಂಚಾಯಿತಿ ಜವಾನನ ಹೆಂಡತಿ ಸೊಪ್ಪು ಮಾರುತ್ತಿದ್ದುದು ಅದೇ ಕಟ್ಟೆಯ ಮೇಲೆ. ಸದನದಲ್ಲಿ ಶಾಸಕರು ನಿದ್ದೆಗಣ್ಣಲ್ಲೇ ಮತ ಹಾಕುವುದನ್ನು ಅವನು ಟಿ.ವಿ.ಯಲ್ಲಿ ಕಂಡಿದ್ದ. ಎದ್ದು ನಿಂತವನೇ ಸಭಾಧ್ಯಕ್ಷರ ಗತ್ತಿನಲ್ಲಿ ಕೂಗಿದ: "ಕಟ್ಟೆ ಸಂತೆಗೇ ಉಳಿಯಬೇಕೆಂಬುದು ಪ್ರಸ್ತಾವ. ಪರವಾಗಿರುವವರು ಹೌದು ಎನ್ನಿ!"

"ಹೌದು!"

ಎಲ್ಲರಿಗಿಂತ ಮೊದಲು ಕೂಗಿದವರು ಶಾಸಕರೇ. ಕಣ್ಣು ಮಾತ್ರ ಮುಚ್ಚಿಯೇ ಇತ್ತು. ಸಭೆಗೆ ಸಭೆಯೇ ದಂಗಾಯಿತು. ಪಂಚಾಯಿತಿ ಅಧ್ಯಕ್ಷೆ ಗಂಗಮ್ಮ ತಡಮಾಡದೆ, "ಅಂಗೀಕಾರವಾಯ್ತು!" ಎಂದು ಮೇಜು ಕುಟ್ಟಿದರು.

ಆ ಸದ್ದಿಗೆ ಎಚ್ಚೆತ್ತ ಶಾಸಕರು ಜವಾನನತ್ತ ತಿರುಗಿದರು. "ಲೋ, ನಾನು ಯಾವುದಕ್ಕೋ ಹೌದು ಅಂದಿದ್ದು?"

"ಇಷ್ಟು ವರ್ಷದಲ್ಲಿ ತಾವು ಹಾಗೆ ಕೇಳಿದ್ದು ಇದೇ ಮೊದಲು, ಸ್ವಾಮಿ," ಎಂದ ಜವಾನ.