ಹೂವಿಯ ಬೆಕ್ಕು ಹುಲ್ಲು ತಿಂದದ್ದು

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳ ಮೈ ಆರಿರಲಿಲ್ಲ, ನದಿಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಗಾಳಿ, ಹುಲ್ಲು, ಬೆಕ್ಕು, ಮನುಷ್ಯರು ಎಲ್ಲರೂ ಒಂದೇ ಮಾತು ಆಡುತ್ತಿದ್ದರು.

ಆಗ ಬೆಕ್ಕುಗಳು ಮೈ ನೆಕ್ಕಿಕೊಳ್ಳುತ್ತಿರಲಿಲ್ಲ. ಧೂಳು ಹತ್ತಿದರೆ ಗಾಳಿಯೇ ಬಂದು ಒರೆಸಿ ಹೋಗುತ್ತಿತ್ತು.

ಹೊಳೆಯ ದಂಡೆಯ ಗುಡಿಸಲಲ್ಲಿ ಬಾಳವ್ವ ಇದ್ದಳು. ಅವಳಿಗೆ ಹೂವಿ ಎಂಬ ಒಬ್ಬಳೇ ಮಗಳು. ಹೂವಿಗೆ ಬೂದಿ ಬಣ್ಣದ ಒಂದು ಬೆಕ್ಕು. ಹೂವಿ ಉಂಡರೆ ಬೆಕ್ಕು ಉಣ್ಣುತ್ತಿತ್ತು, ಹೂವಿ ಮಲಗಿದರೆ ಬೆಕ್ಕು ಮಲಗುತ್ತಿತ್ತು. ಅದರ ಬೆನ್ನು ಸವರುತ್ತಲೇ ಅವಳಿಗೆ ನಿದ್ದೆ ಬರುತ್ತಿತ್ತು.

ಒಂದು ಮಳೆಗಾಲ ಹೂವಿಗೆ ಜ್ವರ ಬಂತು. ಬಾಳವ್ವ ಬೇರು ತೇಯ್ದು ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಜ್ವರ ಇಳಿಯಲಿಲ್ಲ. ಬೆಳಗಾದಾಗ ಬೆಕ್ಕಿನ ಬೆನ್ನ ಮೇಲಿಟ್ಟ ಕೈ ಹಾಗೇ ಇತ್ತು, ಹೂವಿ ಇರಲಿಲ್ಲ.

ದಂಡೆಯ ಮೇಲೆ ಮಗಳನ್ನು ಮಣ್ಣು ಮಾಡಿ ಬಂದು ಬಾಳವ್ವ ಒಲೆಯ ಮುಂದೆ ಕೂತಳು. ಒಲೆ ಹಚ್ಚಲಿಲ್ಲ. ಬೆಕ್ಕು ಮೂಲೆಯಲ್ಲಿ ಕೂತು ತನ್ನ ಬೆನ್ನು ನೆಕ್ಕತೊಡಗಿತು. ನೆಕ್ಕಿತು, ನೆಕ್ಕಿತು, ದಿನಗಟ್ಟಲೆ ನೆಕ್ಕಿತು.

ಆಮೇಲೆ ವಾಂತಿ ಶುರುವಾಯಿತು.

ಹಸಿದಿರಬೇಕು ಎಂದು ಬಾಳವ್ವ ಹಾಲು ಕೊಟ್ಟಳು. ಹಾಲು ಕಕ್ಕಿತು. ಮೀನು ಬೇಯಿಸಿ ಕೊಟ್ಟಳು. ಅದನ್ನೂ ಕಕ್ಕಿತು. ಅದರ ಹೊಟ್ಟೆ ಬೆನ್ನಿಗೆ ಹತ್ತಿತು. ಮಗಳು ಮುದ್ದು ಮಾಡಿದ ಜೀವ ಇದೊಂದೇ, ಇದೂ ಹೋದರೆ ಏನು ಮಾಡಲಿ ಎಂದು ಬಾಳವ್ವ ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಳೆಗೆ ಓಡಿದಳು.

"ಹೊಳೆಯವ್ವ, ಏನು ಕೊಟ್ಟರೂ ಇದರ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ."

"ಹಾಗಾದರೆ ಏನೂ ಕೊಡಬೇಡ ತಾಯಿ," ಎಂದಿತು ಹೊಳೆ. "ಸ್ವಲ್ಪ ಹೊತ್ತು ಹೊಟ್ಟೆ ಸುಮ್ಮನಿರಲಿ. ನನ್ನ ನೀರನ್ನು ಹನಿಹನಿಯಾಗಿ ನಾಲಿಗೆಗೆ ಬಿಡು."

ಬಾಳವ್ವ ಹಾಗೇ ಮಾಡಿದಳು. ನೀರು ಒಳಗೆ ನಿಂತಿತು. ಆದರೆ ಹೊಟ್ಟೆ ಸವರಿದಾಗ ಏನೋ ಗಂಟು ಕೈಗೆ ಸಿಕ್ಕಿತು.

"ಏನು ನುಂಗಿದ್ದೀಯ ಮಗಾ?"

"ನನ್ನ ಕೂದಲು, ಅವ್ವ," ಎಂದಿತು ಬೆಕ್ಕು. "ಅದರಲ್ಲಿ ಹೂವಿಯ ಕೈಯ ವಾಸನೆ ಇತ್ತು. ಗಾಳಿ ಒರೆಸಿಕೊಂಡು ಹೋಗುತ್ತದಲ್ಲ, ಅದಕ್ಕೇ ಒಳಗೆ ಇಟ್ಟುಕೊಂಡೆ."

ಹೂವಿಯ ಲಂಗವನ್ನು ಬಾಳವ್ವನೂ ಇನ್ನೂ ಒಗೆದಿರಲಿಲ್ಲ.

ಹೂವಿಯ ಮಣ್ಣಿನ ಮೇಲೆ ಆಗತಾನೆ ಚಿಗುರಿದ್ದ ಹುಲ್ಲು ಇದನ್ನು ಕೇಳಿಸಿಕೊಂಡಿತು. "ನನ್ನನ್ನು ತಿನ್ನು," ಎಂದಿತು. "ನಾನು ಒಳಗೆ ನಿಲ್ಲುವವಳಲ್ಲ. ಹೊರಗೆ ಬರುವಾಗ ಆ ಕೂದಲನ್ನೂ ಎಳೆದು ತರುತ್ತೇನೆ."

"ಹಾಗಾದರೆ ಹೂವಿಯೂ ಹೋಗಿಬಿಡುತ್ತಾಳೆ," ಎಂದಿತು ಬೆಕ್ಕು.

"ಕೂದಲು ಹೋಗುತ್ತದೆ. ಹೂವಿಯ ವಿಷಯ ನನಗೆ ಗೊತ್ತಿಲ್ಲ."

ಬೆಕ್ಕು ಬಾಳವ್ವನ ಮುಖ ನೋಡಿತು. "ತಿನ್ನು ಮಗಾ," ಎಂದಳು ಅವಳು. "ನೀನಾದರೂ ನನಗೆ ಬೇಕು."

ಬೆಕ್ಕು ಹುಲ್ಲು ತಿಂದಿತು. ಮೈಯೆಲ್ಲ ನಡುಗಿಸಿ ಬೂದಿ ಬಣ್ಣದ ಒಂದು ಉಂಡೆಯನ್ನು ಕಕ್ಕಿತು. ಬಾಳವ್ವ ಅದನ್ನು ಎಸೆಯಲಿಲ್ಲ. ಬೆರಳಿನಿಂದ ಮಣ್ಣು ತೋಡಿ, ಮಗಳ ಪಕ್ಕದಲ್ಲೇ ಮುಚ್ಚಿದಳು.

ಸಂಜೆ ಬೆಕ್ಕು ಒಂದಿಷ್ಟು ಗಂಜಿ ಕುಡಿಯಿತು. ಅದು ಹೊಟ್ಟೆಯಲ್ಲಿ ನಿಂತಿತು. ಹೂವಿಯ ವಾಸನೆ ಮಾತ್ರ ಅದರ ಮೈಮೇಲೆ ಎಲ್ಲೂ ಉಳಿದಿರಲಿಲ್ಲ. ಆದರೂ ಅದು ಮೈ ನೆಕ್ಕಿ ನೆಕ್ಕಿ ಹುಡುಕುವುದನ್ನು ಬಿಡಲಿಲ್ಲ, ತನ್ನ ಮರಿಗಳಿಗೂ ಹುಡುಕುವುದನ್ನು ಕಲಿಸಿತು.

ಅದಕ್ಕೇ ಕಂದಾ, ಇವತ್ತಿಗೂ ನಮ್ಮ ಬೆಕ್ಕು ಕೂತಲ್ಲೆಲ್ಲ ಮೈ ನೆಕ್ಕುತ್ತದೆ, ಹೊಟ್ಟೆ ಭಾರವಾದಾಗ ಅಂಗಳದ ಅಂಚಿನ ಹುಲ್ಲು ಕಚ್ಚಿ ಕೂದಲಿನ ಉಂಡೆ ಕಕ್ಕುತ್ತದೆ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು ಮತ್ತೆ ಬೆನ್ನು ನೆಕ್ಕಲು ತೊಡಗುತ್ತದೆ.